ಬುಧವಾರದ ಹಾಜರಿ

ಈಗ ತಾನೇ ಕರೆಂಟು ಹೋಯಿತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅದು ಮೊದಲು ತಿಳಿಯುವುದು ಕಿವಿಗೆ. ಅಕ್ಕಪಕ್ಕದ ಮಗ್ಗಗಳೆಲ್ಲ ಒಂದೇ ಉಸಿರಿಗೆ ನಿಲ್ಲುತ್ತವೆ. ಊರಿಗೆ ಹೊಸಬರು ‘ಅಬ್ಬ, ನೆಮ್ಮದಿ’ ಎನ್ನುತ್ತಾರೆ. ನನಗೋ ಆ ಮೌನದಲ್ಲಿ ಕತ್ತಿನ ಹಿಂಭಾಗ ತಣ್ಣಗಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾಲ್ಕು ವರ್ಷದ ಹಿಂದೆ ನಾನು ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಹದಿಹರೆಯದವರ ಕೂಟ ನಡೆಸುತ್ತಿದ್ದೆ. ಈಗಲೂ ನಡೆಸುತ್ತೇನೆ, ಆದರೆ ಆಗಿನ ಹುರುಪೇ ಬೇರೆ. ವಾರವೆಲ್ಲ ಗಾರ್ಮೆಂಟ್ಸಿನಲ್ಲಿ ಅಂಗಿಗಳ ಹೊಲಿಗೆ ಪರೀಕ್ಷಿಸುವವನು ನಾನು. ಬಿಟ್ಟುಹೋದ ಒಂದು ಎಳೆಯೂ ನನ್ನ ಕಣ್ಣು ತಪ್ಪಿಸದೆಂಬ ಜಂಬ ಬೇರೆ. ಭಾನುವಾರ ಮಾತ್ರ, ಪ್ರಾರ್ಥನೆಗೆ ತಲೆ ಬಾಗಿಸಿದವರೆಲ್ಲ ಕೆಲಸಕ್ಕೆ ಒಪ್ಪಿಕೊಂಡವರೆಂದೇ ತಿಳಿಯುತ್ತಿದ್ದೆ.

ಕೂಟದ ಹುಡುಗಿ ಎಸ್ತೇರ್ ದ್ವಿತೀಯ ಪಿಯುಸಿ ಓದುತ್ತಿದ್ದಳು. ಬೆಳಗಿನ ಜಾವ ಕೋಚಿಂಗ್, ಆಮೇಲೆ ಕಾಲೇಜು, ಸಂಜೆ ಟ್ಯೂಷನ್. ಶನಿವಾರ ಹಾಡಿನ ಅಭ್ಯಾಸ, ಭಾನುವಾರ ಆರಾಧನೆಗೆ ಕೀಬೋರ್ಡು, ನಂತರ ಚಿಕ್ಕ ಮಕ್ಕಳ ತರಗತಿ. ಅದರ ಮೇಲೆ ನಾನು ಕ್ರಿಸ್‌ಮಸ್ ನಾಟಕವನ್ನೂ ಹೊರಿಸಿದೆ.

“ಆಗುತ್ತಾ ಎಸ್ತೇರ್?”

“ಮಾಡ್ತೀನಣ್ಣ.”

ಅವಳ ತಾಯಿ ಒಮ್ಮೆ ಬಾಗಿಲಲ್ಲಿ ನಿಂತು, “ತುತ್ತು ಬಾಯಲ್ಲಿಟ್ಕೊಂಡೇ ನಿದ್ದೆ ಹೋಗ್ತಾಳೆ ಬ್ರದರ್” ಎಂದರು. “ಕರ್ತನ ಕೆಲಸಕ್ಕೆ ಕರ್ತನೇ ಬಲ ಕೊಡ್ತಾನೆ ಬಿಡೀಮ್ಮ” ಎಂದೆ. ಆ ಮಾತನ್ನು ನೆನೆದರೆ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಒಂದು ಬುಧವಾರ ಮಧ್ಯಾಹ್ನ, ಅರ್ಧ ದಿನ ರಜೆ ಹಾಕಿ, ರಿಪೇರಿಗೆ ಕೊಡಬೇಕಿದ್ದ ಸ್ಪೀಕರ್ ಒಯ್ಯಲು ಪ್ರಾರ್ಥನಾ ಮಂದಿರಕ್ಕೆ ಹೋದೆ. ಗೇಟು ತೆಗೆಯುತ್ತಿದ್ದಂತೆ ಕರೆಂಟು ಹೋಯಿತು. ಮಗ್ಗಗಳು ನಿಂತವು. ಒಳಗೆ ಯಾರೋ ಹೆಸರು ಕರೆಯುತ್ತಿದ್ದರು.

ಚಾಪೆಗಳನ್ನು ಎರಡು ಸಾಲಾಗಿ ಹಾಸಲಾಗಿತ್ತು. ಪ್ರತಿ ಚಾಪೆಯ ಮೇಲೆ ಒಂದೊಂದು ಬಣ್ಣದ ಪೆನ್ಸಿಲ್. ಕೂತವರು ಯಾರೂ ಇಲ್ಲ. ಕಾಲೇಜಿನ ಸಮವಸ್ತ್ರದಲ್ಲಿ ಎಸ್ತೇರ್ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು. “ಡೇವಿಡ್,” ಎಂದಳು. ಮಗುವೊಂದು ಉತ್ತರ ಕೊಡಲು ಬೇಕಾದಷ್ಟು ಹೊತ್ತು ಕಾದು, ಗುರುತು ಹಾಕಿದಳು. “ಮೇರಿ.” ಮತ್ತೆ ಕಾದಳು. ಕಣ್ಣು ತೆರೆದೇ ಇದ್ದವು, ರೆಪ್ಪೆ ಅಲುಗುತ್ತಿರಲಿಲ್ಲ.

“ಲೇಟಾಗಿ ಬಂದ್ರಿ. ಕೂತ್ಕೊಳ್ಳಿ.”

ಕೂತೆ. ಚಾಪೆಯ ಮೇಲಿದ್ದ ಪೆನ್ಸಿಲನ್ನು ಪಕ್ಕಕ್ಕೆ ಸರಿಸಿದೆ.

“ಎಸ್ತೇರ್,” ಎಂದಳು ಕೊನೆಗೆ. ಎರಡೂ ಸಾಲುಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದಳು. ಆಮೇಲೆ ನನ್ನನ್ನು ಕೇಳಿದಳು: “ಎಸ್ತೇರ್ ಬಂದಿಲ್ವಾ?”

ನೀನೇ ಅಲ್ವೇನಮ್ಮಾ ಎನ್ನಬೇಕೆಂದಿದ್ದೆ. “ಬಂದಿಲ್ಲ” ಎಂದುಬಿಟ್ಟೆ.

“ಮೂರು ವಾರ ಆಯ್ತು,” ಎಂದಳು ಬರೆದುಕೊಳ್ಳುತ್ತ. “ಯಾರೂ ಹೋಗಿ ನೋಡ್ಲೇ ಇಲ್ಲ.”

ಅಷ್ಟರಲ್ಲಿ ಕರೆಂಟು ಬಂದು ಬೀದಿಯ ಮಗ್ಗಗಳೆಲ್ಲ ಧಡಧಡಿಸಿದವು. ಅವಳು ಬೆಚ್ಚಿ ಸುತ್ತ ನೋಡಿದಳು. “ಅಣ್ಣ, ಇವತ್ತು ಭಾನುವಾರ ತಾನೇ?”

ಅವಳ ತಾಯಿಗೆ ಫೋನು ಮಾಡಿದೆ. ಅವರು ಬರುವಷ್ಟರಲ್ಲಿ ಎಸ್ತೇರ್ ಚಾಪೆಯ ಮೇಲೇ ನಿದ್ದೆ ಹೋಗಿದ್ದಳು. ಎಬ್ಬಿಸಲು ನಮಗಿಬ್ಬರಿಗೂ ಧೈರ್ಯ ಬರಲಿಲ್ಲ. ಸಂಜೆಯವರೆಗೂ ಆಚೀಚೆ ಕೂತೆವು. ಮರುದಿನ ತೋರಿಸಿದಾಗ, ನಿದ್ದೆಗೆಟ್ಟ ಮಿದುಳು ಹೀಗೆಲ್ಲ ಆಡಿಸುತ್ತದೆ ಎಂದರು ಡಾಕ್ಟರು. ಒಪ್ಪಿದೆ. ಆದರೆ ಹಾಜರಿ ಪುಸ್ತಕ ತೆರೆದು ನೋಡಿದ್ದೆ. ಮಕ್ಕಳ ಹೆಸರುಗಳ ಕೆಳಗೆ ಅವಳದೇ ಕೈಬರಹದಲ್ಲಿ ಅವಳ ಹೆಸರಿತ್ತು, ಅದರ ಮುಂದೆ ಮೂರು ಭಾನುವಾರಗಳ ಗೈರುಹಾಜರಿ. ಆ ಮೂರೂ ಭಾನುವಾರ ಅವಳು ಕೀಬೋರ್ಡು ನುಡಿಸಿದ್ದಳು. ನಾನು ಪಕ್ಕದಲ್ಲೇ ನಿಂತು ಹಾಡಿದ್ದೆ.

ನಾಟಕ ಬೇಡವೆಂದು ಪಾಸ್ಟರಿಗೆ ಹೇಳಿದೆ. “ಹಂಗಾದ್ರೆ ಕೂಟದಲ್ಲಿ ಏನ್ ಮಾಡಿಸ್ತೀರಪ್ಪಾ?” ಎಂದು ಕೇಳಿದರು.

“ಮಲಗಿಸ್ತೀನಿ ಅಯ್ಯನೋರೆ.”

ಹಾಗೇ ಮಾಡಿದೆ. ಮೊದಲ ಭಾನುವಾರ ಹುಡುಗರು ಕಿಸಕ್ಕನೆ ನಕ್ಕರು. ಹತ್ತು ನಿಮಿಷದಲ್ಲಿ ಹದಿನಾಲ್ಕು ಮಂದಿಯೂ ನೆಲ ಕಚ್ಚಿ ಮಲಗಿದ್ದರು. ಅಷ್ಟು ಬೇಗ ಅಷ್ಟೊಂದು ಮಕ್ಕಳು ನಿಶ್ಚಲವಾದದ್ದು ಕಂಡು ಹೆದರಿ, ಒಬ್ಬೊಬ್ಬರ ಹತ್ತಿರವೂ ಬಗ್ಗಿ ಉಸಿರಾಡುತ್ತಿದ್ದಾರೆಯೇ ಎಂದು ನೋಡಿದೆ.

ಎಸ್ತೇರ್ ಆ ವರ್ಷ ಪರೀಕ್ಷೆ ಬರೆಯಲಿಲ್ಲ. ಈಗ ಇಲ್ಲೇ ಬಿ.ಎ. ಓದುತ್ತಿದ್ದಾಳೆ, ಮೈಕೈ ತುಂಬಿಕೊಂಡಿದ್ದಾಳೆ. ಆ ಬುಧವಾರದ ಮಾತೆತ್ತಿದರೆ, “ನಂಗೇನೂ ನೆನಪಿಲ್ಲಣ್ಣ” ಎಂದು ನಗುತ್ತಾಳೆ.

ಕಳೆದ ವಾರ ಬೇಸಿಗೆ ಶಿಬಿರದ ಕೆಲಸಗಳ ಪಟ್ಟಿ ಹಿಡಿದು ನಿಂತಿದ್ದೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು, ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದಳು. ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, “ನಿನ್ನೆ ಎಷ್ಟೊತ್ತಿಗೆ ಮಲಗಿದೆ ಮಗಾ?” ಎಂದು ಕೇಳಿದೆ.

ಅವಳು ಎತ್ತಿದ ಕೈ ಇಳಿಸಿ, ಬೆರಳು ಮಡಚುತ್ತ ಗಂಟೆ ಎಣಿಸತೊಡಗಿದಳು. ನಾನು ಕಾದೆ.