ಕಣ್ಣು ಎಂದು ಕೂಗದ ದಿನ

ಮೊನ್ನೆ ಹೆಂಡತಿ ಹಸಿ ಆಲೂಗಡ್ಡೆ ಹೆಚ್ಚುತ್ತಿದ್ದಳು. ಆ ಮಣ್ಣುಮಣ್ಣು ವಾಸನೆ ಮೂಗಿಗೆ ಬಡಿದದ್ದೇ ತಡ, ಊಟ ಬೇಡವೆಂದು ಎದ್ದು ಹೊರಗೆ ಬಂದೆ. ವೆಲ್ಡಿಂಗ್ ಮಾಡುವವರ ಮನೆಯಲ್ಲಿ ಆಲೂಗಡ್ಡೆ ಬರೀ ಪಲ್ಯಕ್ಕಲ್ಲ. ವೆಲ್ಡಿಂಗಿನ ಬೆಳಕು ಬರಿಗಣ್ಣಿಗೆ ಹೊಡೆದರೆ ಆಗ ಏನೂ ಗೊತ್ತಾಗುವುದಿಲ್ಲ. ಐದಾರು ತಾಸು ಕಳೆದ ಮೇಲೆ ಕಣ್ಣೊಳಗೆ ಯಾರೋ ಕಾದ ಮರಳು ಸುರಿದಂತಾಗುತ್ತದೆ. ಆಗ ಆಲೂಗಡ್ಡೆಯ ಬಿಲ್ಲೆಗಳನ್ನು ರೆಪ್ಪೆಯ ಮೇಲಿಟ್ಟುಕೊಂಡು ಬಿದ್ದುಕೊಳ್ಳುತ್ತೇವೆ. ಆ ವಾಸನೆಯ ಹಿಂದೆ ಅವನು ಬರುತ್ತಾನೆ...

ನಾನು ಹೊಸಪೇಟೆ ಕಡೆಯವನು. ಏಳನೇ ತರಗತಿಗೆ ಶಾಲೆ ಬಿಟ್ಟು ಕಬ್ಬಿಣ ಹಿಡಿದೆ. ವಿಶಾಖಪಟ್ಟಣಕ್ಕೆ ಬಂದು ಪೆಂಡುರ್ತಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಶೆಡ್ಡು ಹಾಕಿದ್ದು ಯಾರ ಕೃಪೆಯಿಂದಲೂ ಅಲ್ಲ, ಈ ಎರಡು ಕೈಯಿಂದ. ಅವನು ಅಲ್ಲಿಯೇ ಹಿಂದಿನ ಬೀದಿಯ ಅಕ್ಕನ ಮಗ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನಮ್ಮ ಊರಿನವಳು, ತೆಲುಗರ ಮನೆಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡಿದ್ದ. ಹುಡುಗ ಎಂಜಿನಿಯರಿಂಗ್ ಓದುತ್ತಿದ್ದ. ಸರ್ಕಾರ ಫೀಸು ಕಟ್ಟುತ್ತಿತ್ತು, ಹೊಟ್ಟೆಗೆ ಯಾರು ಕಟ್ಟಬೇಕು? ದಿನಾ ಬೆಳಿಗ್ಗೆ ಆರರಿಂದ ಒಂಬತ್ತು, ಭಾನುವಾರ ಇಡೀ ದಿನ ನನ್ನ ಹತ್ತಿರ ಕೆಲಸ ಮಾಡುತ್ತಿದ್ದ. ಶೆಡ್ಡಿನಲ್ಲಿ ಎಲ್ಲರಿಗೂ ಅವನು ‘ಕಾಲೇಜು’. ನಾನು ಅವನಿಗೆ ಮಾವ.

ಮೊದಲ ವರ್ಷ ಒಳ್ಳೆಯ ಅಂಕ ತೆಗೆದಿದ್ದನಂತೆ. ಎರಡನೇ ವರ್ಷಕ್ಕೆ ಕ್ಲಾಸಿನಲ್ಲಿ ತೂಕಡಿಸತೊಡಗಿದ. ಒಂದು ವಿಷಯ ಪಾಸಾಗದೆ ಉಳಿಯಿತು, ಆಮೇಲೆ ಮೂರು. ಅಕ್ಕ ಬಂದು ಕೆಲಸ ಹೆಚ್ಚಾಯಿತೇನೋ ಎಂದಾಗ ನನಗೆ ಮೈ ಉರಿದಿತ್ತು. ಓದಲಾರದವನು ಕೆಲಸದ ಮೇಲೆ ಗೂಬೆ ಕೂರಿಸುತ್ತಾನೆ ಎಂದೇ ನನ್ನ ನಂಬಿಕೆ. ಅವನ ವಯಸ್ಸಿಗೆ ನಾನು ಹದಿನಾಲ್ಕು ತಾಸು ಸುತ್ತಿಗೆ ಬೀಸಿದವನು.

ಕೊನೆಗೆ ಒಂದು ಪೇಪರಿಗೆ ಬಂದು ನಿಂತಿತು. ಅದು ಪಾಸಾದರೆ ಮುಂದಿನ ವರ್ಷ. ಫೇಲಾದರೆ ಡಿಟೇನು, ಅಂದರೆ ಒಂದು ವರ್ಷ ಮನೆಯಲ್ಲಿ, ಸರ್ಕಾರದ ಫೀಸೂ ಬಂದ್. ಕಬ್ಬಿಣ ಎಷ್ಟು ಭಾರ ತಡೆಯುತ್ತದೆ ಎನ್ನುವ ಲೆಕ್ಕದ ಪೇಪರ್.

“ಅದನ್ನ ನನ್ನ ಕೇಳಲೇ ಕಾಲೇಜು, ನಿಂತ ಕಾಲ ಮ್ಯಾಲ ಹೇಳ್ತೀನಿ,” ಎಂದು ನಾನು ನಕ್ಕಿದ್ದೆ.

“ನೀನು ಹೇಳ್ತೀಯ ಮಾವಾ, ಅವರು ಬರೀರಿ ಅಂತಾರಲ್ಲ,” ಎಂದಿದ್ದ. ಶೆಡ್ಡಿನವರೆಲ್ಲ ನಕ್ಕರು. ನನ್ನ ಮೇಲೆ.

ಪರೀಕ್ಷೆಯ ಹಿಂದಿನ ದಿನ ಭಾನುವಾರ. ರಜೆ ಕೇಳಿದ. ಋಷಿಕೊಂಡದ ಹತ್ತಿರ ಒಂದು ಗೃಹಪ್ರವೇಶ, ಗೇಟು ಮುಗಿಯಲೇಬೇಕಿತ್ತು. ಕೊಡಲಿಲ್ಲ. ಒಬ್ಬ ಎರಡು ಕೈಯಲ್ಲಿ ಕಬ್ಬಿಣದ ಪಟ್ಟಿ ಹಿಡಿದು ನಿಲ್ಲಬೇಕು, ಇನ್ನೊಬ್ಬ ಬೆಸೆಯಬೇಕು. ಕಪ್ಪು ಗಾಜು ಬೆಸೆಯುವವನಿಗೆ ಮಾತ್ರ. ಹಿಡಿದವನಿಗಾಗಿ ನಮ್ಮಲ್ಲಿ ಒಂದು ಪದ್ಧತಿ: ಕಿಡಿ ಹೊತ್ತಿಸುವ ಮುಂಚೆ “ಕಣ್ಣು!” ಎಂದು ಕೂಗುತ್ತೇವೆ, ಅವನು ಮುಚ್ಚಿಕೊಳ್ಳುತ್ತಾನೆ. ಅಷ್ಟೇ ರಕ್ಷಣೆ.

ಅವನು ಎದುರಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದುಕೊಂಡಿದ್ದ. ನಾನು ಕೂಗಿದರೆ ಮುಚ್ಚುವುದು, ಕಿಡಿ ಆರಿದರೆ ತೆರೆದು ಓದುವುದು. ಓದುವ ಭರದಲ್ಲಿ ಪಟ್ಟಿ ಒಂದು ಬೆರಳಷ್ಟು ವಾಲಿತು. ಹಿಂಗೈಯಿಂದ ಬಾರಿಸಿದೆ. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಎರಡು ಕೈಯಲ್ಲೂ ಪಟ್ಟಿ; ಒರೆಸಿಕೊಳ್ಳಲೂ ಆಗಲಿಲ್ಲ. ಆದರೂ ಅವನ ಕಣ್ಣು ಮತ್ತೆ ಆ ತಗಡಿನ ಕಡೆಗೇ ಹೋಯಿತು.

ಓದು, ಎಷ್ಟು ಓದುತ್ತೀಯೋ ನೋಡೇಬಿಡುತ್ತೇನೆ ಎಂದುಕೊಂಡೆ. ಕೂಗುವುದನ್ನು ನಿಲ್ಲಿಸಿದೆ.

ಮರೆತದ್ದಲ್ಲ. ನಿಲ್ಲಿಸಿದೆ. ಪ್ರತಿ ಬಾರಿಯೂ ಅವನು ತೆರೆದ ಕಣ್ಣಲ್ಲಿ ಬೆಳಕು ತಿಂದು, ತಲೆ ಕೊಡವಿ, ಮತ್ತೆ ಓದುತ್ತಿದ್ದ. ಎಷ್ಟು ಸಲ... ಗೇಟು ಮುಗಿಯುವಷ್ಟು ಸಲ.

ರಾತ್ರಿ ಅಕ್ಕ ಫೋನು ಮಾಡಿದಳು. “ತಮ್ಮಾ, ಕಣ್ಣು ತೆರೆಯಾಕ ಆಗವಲ್ದು, ಗ್ವಾಡಿಗೆ ತಲಿ ಜಜ್ಜಿಕೊಳ್ಳಾಕತ್ತಾನ.” ನಾನು ಆಲೂಗಡ್ಡೆ ಇಡು ಎಂದೆ. ನಮಗೆಲ್ಲ ಆಗಿದೆ, ಬೆಳಿಗ್ಗೆಗೆ ಹೋಗುತ್ತದೆ ಎಂದೆ.

ಮರುದಿನ ಮಧ್ಯಾಹ್ನ ಗೆಳೆಯನೊಬ್ಬ ಅವನ ಕೈ ಹಿಡಿದು ಶೆಡ್ಡಿಗೆ ಕರೆತಂದ. ಕಣ್ಣು ಎರಡೂ ಹುಣ್ಣಿನಂತೆ ಊದಿದ್ದವು, ನೀರು ಸುರಿಯುತ್ತಿತ್ತು. ಪ್ರಶ್ನೆಪತ್ರಿಕೆ ಬರೀ ಬಿಳಿ ಕಂಡಿತಂತೆ. ಖಾಲಿ ಹಾಳೆ ಕೊಟ್ಟು ಎದ್ದು ಬಂದಿದ್ದ. ತಡವರಿಸುತ್ತ ದೊಡ್ಡ ಸುತ್ತಿಗೆ ಹುಡುಕಿಕೊಂಡು, ಸಾಗಿಸಲು ನಿಲ್ಲಿಸಿದ್ದ ಗೇಟಿಗೆ ಹೊಡೆಯತೊಡಗಿದ. ಬೆಸುಗೆಗಳು ಒಂದೊಂದಾಗಿ ಬಿಟ್ಟುಕೊಂಡವು. ಅಡ್ಡ ಹೋದೆ, ಸುತ್ತಿಗೆಯ ಹಿಡಿ ನನ್ನ ಪಕ್ಕೆಗೆ ಬಿತ್ತು, ಎಲುಬು ಲಟ್ ಎಂದಿತು. ನಾನು ಕೈಗೆ ಸಿಕ್ಕ ಸರಳು ತೆಗೆದು ಅವನ ಭುಜಕ್ಕೆ ಬಾರಿಸಿದೆ, ಬಿದ್ದ ಮೇಲೂ ಬಾರಿಸಿದೆ. ಕಾಣದ ಹುಡುಗನನ್ನು. ಅವನು ನನ್ನ ಕಾಲು ಹುಡುಕಿ ಹಿಡಿದು ಮೀನಖಂಡ ಕಚ್ಚಿದ. ಎದುರಿನ ಟೀ ಅಂಗಡಿಯವರು ಬಂದು ಬಿಡಿಸುವ ಹೊತ್ತಿಗೆ ಇಬ್ಬರ ರಕ್ತವೂ ಒಂದೇ ಕಡೆ ಬಿದ್ದಿತ್ತು.

“ನೀನು ಬೇಕಂತಾನೇ ಕೂಗಲಿಲ್ಲ ಮಾವಾ,” ಎಂದ.

“ಮರ್ತೆನಲೇ,” ಎಂದೆ, ಎಲ್ಲರ ಮುಂದೆ.

ಕಣ್ಣು ಮೂರು ದಿನಕ್ಕೆ ಸರಿಯಾಯಿತು. ಕಾಲೇಜು ಸರಿಯಾಗಲಿಲ್ಲ. ಡಿಟೇನಾದ; ಆಮೇಲೆ ಊರೇ ಬಿಟ್ಟ. ಅಕ್ಕ ನನ್ನ ಶೆಡ್ಡಿನ ದಾರಿಯಲ್ಲಿ ನಡೆಯುವುದನ್ನು ನಿಲ್ಲಿಸಿದಳು.

ಹೋದ ವರ್ಷ ಅವನನ್ನು ಹುಡುಕಿಕೊಂಡು ವಿಜಯವಾಡಕ್ಕೆ ಹೋದಾಗ, ಒನ್ ಟೌನ್ ಎಂಬ ಹಳೆಯ ಪೇಟೆಯ ಒಂದು ಸಂದಿಯಲ್ಲಿ ಅವನ ಅಂಗಡಿ ನೋಡಿದೆ. ಸಗಟು ವ್ಯಾಪಾರಿಗಳಿಗೆ ಕಬ್ಬಿಣದ ರ‍್ಯಾಕು ಮಾಡಿಕೊಡುತ್ತಾನೆ. ಕೈ ನನ್ನದೇ: ಹಾಗೆಯೇ ಕೂರುವುದು, ಹಾಗೆಯೇ ಮಣಿಕಟ್ಟು ತಿರುಗಿಸುವುದು. ತಲೆಯೆತ್ತಿ ನನ್ನನ್ನು ತುಸು ಹೊತ್ತು ನೋಡಿದ.

“ಚೆಪ್ಪಂಡಿ,” ಎಂದ ತೆಲುಗಿನಲ್ಲಿ, ಯಾರೋ ಗಿರಾಕಿಗೆ ‘ಹೇಳಿ ಸಾರ್’ ಎಂದಂತೆ.

ನಿಜ ಹೇಳಲು ಹೋಗಿದ್ದೆ. ಒಂದು ರ‍್ಯಾಕು ಬೇಕು ಎಂದೆ. ಜೀವಮಾನವೆಲ್ಲ ಗೇಟು, ಗ್ರಿಲ್ಲು, ರ‍್ಯಾಕು ಮಾಡಿದವನು ನಾನು. ಅವನು ಅಳತೆ ಕೇಳಿ ಬರೆದುಕೊಂಡ.

ಲಾರಿಯಲ್ಲಿ ಬಂತು. ಈಗ ನನ್ನ ಶೆಡ್ಡಿನ ಮೂಲೆಯಲ್ಲಿದೆ. ಬೆಸುಗೆಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿದ್ದೇನೆ, ಎಲ್ಲಿಯೂ ತಪ್ಪಿಲ್ಲ. ಎಷ್ಟು ಭಾರ ಹಾಕಿದರೂ ತಡೆಯುತ್ತದೆ. ಇದುವರೆಗೂ ಅದರ ಮೇಲೆ ಒಂದು ಮೊಳೆಯನ್ನೂ ಇಡಲು ನನ್ನಿಂದ ಆಗಿಲ್ಲ.