ತಮ್ಮಣ್ಣನ ಬೇಸ್ ಗಿಟಾರು

ಖಾನಾಪುರದ ತಮ್ಮಣ್ಣ ಮದುವೆ ಆರ್ಕೆಸ್ಟ್ರಾದಲ್ಲಿ ಹಾಡಿನ ಅಡಿಗೆ ಮಂದ್ರ ಸ್ವರ ಕೊಡುವ ಬೇಸ್ ಗಿಟಾರು ನುಡಿಸಿಯೇ ಅರ್ಧ ಆಯುಷ್ಯ ಕಳೆದವನು. ಹಾಡುವವರು ಮುಂದೆ, ಕೀಬೋರ್ಡಿನವನು ಪಕ್ಕದಲ್ಲಿ, ತಮ್ಮಣ್ಣ ಎಲ್ಲರ ಹಿಂದೆ ಸ್ಪೀಕರಿನ ಮರೆಯಲ್ಲಿ. ಅವನು ತಪ್ಪಿದಾಗ ಮಾತ್ರ ಯಾರಾದರೂ ತಿರುಗಿ ನೋಡುತ್ತಿದ್ದರು. ಹೀಗಾಗಿ ತಪ್ಪದಿರುವುದೇ ಅವನ ವ್ರತವಾಯಿತು: ಶ್ರುತಿ ಶುದ್ಧ, ಬೆರಳು ಮೆತ್ತಗೆ, ಸಪ್ಪಳ ಹದ. ಮದುವೆಗಳಿಗೆ ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ಮುಚ್ಚಿತು. ತಮ್ಮಣ್ಣ ಪಾರಿಶ್ವಾಡದಲ್ಲಿದ್ದ ತನ್ನ ಹೊಲ ನೋಡಿಕೊಳ್ಳತೊಡಗಿದ. ಗಿಟಾರನ್ನು ಬೆಳಗಾವಿಯಲ್ಲಿ ಓದುತ್ತಿದ್ದ ಮಗಳು ಸಪ್ನಾಳ ಕೈಗಿತ್ತ.

ಸಪ್ನಾ ಬೆಳಗಾವಿಯ ಟಿಳಕವಾಡಿಯಲ್ಲಿ ದೊಡ್ಡವ್ವ ಕಾಂತಾಳ ಮನೆಯಲ್ಲಿದ್ದಳು. ತಮ್ಮಣ್ಣನ ಹೆಂಡತಿ ಚಂದ್ರವ್ವ ಶನಿವಾರ ಬಂತೆಂದರೆ ರೈಲು ಹತ್ತಿ ಅಲ್ಲಿಗೆ ಹೊರಡುವಳು. "ಅಕ್ಕನ ಮೊಣಕಾಲು ಹಿಡಕೊಂಡೈತ್ರೀ" ಎನ್ನುವಳು. ತಮ್ಮಣ್ಣ ನಂಬಿದ್ದ.

ಒಂದು ದಿನ ಸಪ್ನಾ ಫೋನು ಮಾಡಿದಳು. "ಅಪ್ಪಾ, ಈ ಶನಿವಾರ ನಮ್ಮ ಬ್ಯಾಂಡಿಂದು ಕಾರ್ಯಕ್ರಮ ಐತಿ. ಪಂಕ್ ರಾಕ್ ಅಂತ, ಒರಟು ಗದ್ದಲದ ಹಾಡು. ನೀ ಬರಾಕಬೇಕು. ಅವ್ವನ್ನ ಮುಂಜಾನೇನ ಕಳಸು, ಕೆಲಸ ಐತಿ."

ಸಂಜೆ ಸಭಾಗೃಹಕ್ಕೆ ಬಂದ ತಮ್ಮಣ್ಣ ಕಾಂತಾಳ ಬಾಜು ಕೂತ. ಪರದೆ ಸರಿಯಿತು. ಸಪ್ನಾಳ ಕೈಯಲ್ಲಿ ಬೇರೆ ಗಿಟಾರು. ತನ್ನ ಬೇಸ್ ಎಲ್ಲಿ ಎಂದು ಕಣ್ಣಾಡಿಸಿದ. ಇತ್ತು. ವೇದಿಕೆಯ ನಟ್ಟನಡುವೆ, ಇಳಕಲ್ ಸೀರೆಯ ಸೆರಗನ್ನು ನಡುವಿಗೆ ಬಿಗಿದ ಹೆಂಗಸೊಬ್ಬಳ ಹೆಗಲಲ್ಲಿ.

ತಮ್ಮಣ್ಣ ಕಾಂತಾಳತ್ತ ತಿರುಗಿದ. "ಆಕಿ... ಆಕಿ ಯಾರ್ರೀ?"

"ನಿಮ್ಮ ಹೆಂಡ್ತೀನ," ಎಂದಳು ಕಾಂತಾ.

"ನಿಮ್ಮ ಮೊಣಕಾಲು?"

"ನನ್ನ ಮೊಣಕಾಲಿಗೆ ಏನಾಗೇತಿ?"

ಅಷ್ಟರಲ್ಲಿ ಸಪ್ನಾಳ ಗಿಟಾರು ತಗಡಿನ ಮೇಲೆ ಜಲ್ಲಿಕಲ್ಲು ಸುರಿದಂತೆ ಅಬ್ಬರಿಸಿತು. ಅದರ ಕೆಳಗಿಂದ ಚಂದ್ರವ್ವನ ಬೇಸ್ ಎದ್ದು ಬಂತು. ಒಂದೇ ತಂತಿ, ಒಂದೇ ಏಟು, ಬಿಡುವಿಲ್ಲದೆ, ರಾಗಿ ಬೀಸುವವಳ ಜಿದ್ದಿನಲ್ಲಿ. ಬೆರಳು ತಪ್ಪು. ಹಿಡಿತ ತಪ್ಪು. ತಂತಿ ಮರಕ್ಕೆ ಕಟಕಟ ಬಡಿಯುತ್ತಿತ್ತು. ತಮ್ಮಣ್ಣ ನಾಚಿಕೆಯಿಂದ ತಲೆ ತಗ್ಗಿಸಿದ. ಆದರೆ ಕೂತ ಕುರ್ಚಿ ನಡುಗುತ್ತಿತ್ತು, ಅವನ ಎದೆಗೂಡು ನಡುಗುತ್ತಿತ್ತು. ತಲೆಯೆತ್ತಿದರೆ ಮುಂದಿನ ಸಾಲಿನವರೆಲ್ಲ ಎದ್ದು ಕುಣಿಯುತ್ತಿದ್ದಾರೆ! ಅವನು ಅಷ್ಟು ವರ್ಷ ನುಡಿಸಿದ ಬೇಸನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಹೊರಗೆ ಬಂದಾಗ ಚಂದ್ರವ್ವನ ಕುಪ್ಪಸ ಬೆವರಿನಿಂದ ತೊಯ್ದಿತ್ತು.

"ಯಾವಾಗ ಕಲತಿ ಇದನ್ನ?"

"ಎಲ್ಲಿ ಕಲತೇನ್ರಿ? ಸಪ್ನಾ ಐವತ್ತು ವರ್ಷದ ಹಿಂದಿನ ಲಂಡನ್ ಹುಡುಗೂರ ಹಾಡು ಕೇಳಿಸಿದ್ಲು. ಅವರಿಗೂ ಮೊದಲು ಬಾರಸಾಕ ಬರ್ತಿರಲಿಲ್ಲಂತ. ಹಂಗಾದ್ರ ನನಗೂ ಆಗ್ತೈತಿ ಅಂದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಕಲಿಸಾಕ ಕುಂದರ್ತಿದ್ರಿ."

ತಮ್ಮಣ್ಣ ಗಿಟಾರು ಇಸಿದುಕೊಂಡು ತಂತಿ ಮೀಟಿ ನೋಡಿದ. "ಎರಡನೇ ಹಾಡಿನಾಗ ತಂತಿ ಶ್ರುತಿ ಇಳಿದಿತ್ತು," ಎಂದ.

"ಹೌದೇನ್ರಿ?"

"ಹೂಂ. ಖರೇ ಹೇಳ್ಲಿ? ಇಳಿದಿದ್ದಕ್ಕ ಛಲೋ ಇತ್ತು."

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವನಿಗೇ ದಿಗಿಲಾಯಿತು.

ಈಗ ಶನಿವಾರ ಇಬ್ಬರೂ ರೈಲು ಹತ್ತುತ್ತಾರೆ. ಒಮ್ಮೆ ತಮ್ಮಣ್ಣನೂ ಆ ಹಾಡುಗಳಿಗೆ ಬೇಸ್ ಹಿಡಿದು ನೋಡಿದ. ಎಷ್ಟು ಒರಟಾಗಿ ಹೊಡೆಯಹೋದರೂ ಬೆರಳು ತಾನಾಗಿಯೇ ನಾಜೂಕು ಕುಸುರಿಗೆ ಜಾರುತ್ತಿತ್ತು. "ಅಪ್ಪಾ, ಭಾಳ ಚಂದ ಬಾರಸಾಕತ್ತಿ, ಸ್ವಲ್ಪ ಕೆಡಸು," ಎಂದು ಸಪ್ನಾ ನಕ್ಕಳು. ಅವನಿಂದ ಆಗಲಿಲ್ಲ. ಗಿಟಾರನ್ನು ಹೆಂಡತಿಗೆ ಮರಳಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತ. ಅವಳ ಮೊದಲ ಏಟು ನೆಲದಿಂದ ಬೆನ್ನಿಗೆ ಹತ್ತಿದಾಗ ಇವತ್ತಿಗೂ ಬೆಚ್ಚಿ ಬೀಳುತ್ತಾನೆ.