ಬಾಯಿಂದ ಹೇಳದ ಕುರಿ ಲೆಕ್ಕ

ಪುಕ್ಕಟೆ ಏನಾದರೂ ಕೊಡುತ್ತೇವೆ ಎಂದು ಯಾರಾದರೂ ಬಂದರೆ ದೊಡ್ಡಉಳ್ಳಾರ್ತಿಯ ತಿಪ್ಪಯ್ಯ ಮೊದಲು ಅವರ ಕಾಲು ನೋಡುತ್ತಾನೆ. ಚಪ್ಪಲಿಗೆ ಧೂಳು ಹತ್ತಿದ್ದರೆ ನಡೆದು ಬಂದವರು, ಮಾತಾಡಬಹುದು. ಹತ್ತಿಲ್ಲದಿದ್ದರೆ ಗಾಡಿಯನ್ನು ಎಲ್ಲೋ ಮರೆಯಲ್ಲಿ ನಿಲ್ಲಿಸಿ ಬಂದವರು. ಅಂಥವರಿಗೆ ನೀರು ಕೊಟ್ಟು ಕಳಿಸುವುದು ಲೇಸು. ಐವತ್ತರ ಆಸುಪಾಸಿನ ಈ ಕುರಿಗಾರ ಬಸ್ಸು ಹತ್ತಿದರೆ ಚಳ್ಳಕೆರೆಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳುತ್ತಾನೆ, ಆಮೇಲೆ ಪಕ್ಕದವರನ್ನೂ ಕೇಳುತ್ತಾನೆ. ಹೆಂಡತಿ ಗಂಗಲಕ್ಷ್ಮಿ ಇಟ್ಟ ಸಾರಿಗೆ ಉಪ್ಪು ಹಾಕಿದೆಯೇ ಎಂದು ಕೇಳಿಯೇ ತುತ್ತು ಎತ್ತುತ್ತಾನೆ.

ಇಂಥವನ ಮಗಳು ದಿವ್ಯಾ ಹುಟ್ಟು ಕಿವುಡಿ. ಚಿತ್ರದುರ್ಗದ ವಸತಿ ಶಾಲೆಯೊಂದರಲ್ಲಿ ಓದಿ ಪಿಯುಸಿ ಮುಗಿಸಿದ್ದಳು. ಕಳೆದ ಬೇಸಿಗೆಯಲ್ಲಿ ಆ ಶಾಲೆಯ ಶಿಕ್ಷಕಿ ಮಾಲತಿ ಫೋನು ಮಾಡಿದರು. ಮೈಸೂರಿನಲ್ಲಿ ಕಿವುಡ ಮಕ್ಕಳಿಗೆಂದೇ ಒಂದು ಕಾಲೇಜು ಇದೆ, ಅಲ್ಲಿ ಪಾಠವೆಲ್ಲ ಸನ್ನೆ ಭಾಷೆಯಲ್ಲೇ ನಡೆಯುತ್ತದೆ, ದಿವ್ಯಾಳಿಗೆ ಸೀಟು ಸಿಕ್ಕಿದೆ ಎಂದರು. ಫೀಜು, ಹಾಸ್ಟೆಲು ಎಲ್ಲವನ್ನೂ ಬೆಂಗಳೂರಿನ ಒಂದು ಟ್ರಸ್ಟಿನವರು ಕಟ್ಟುತ್ತಾರೆ, ಅದಕ್ಕೆ ಮುಂಚೆ ಅವರ ಕಡೆಯವರೊಬ್ಬರು ಮನೆ ನೋಡಲು ಬರುತ್ತಾರೆ ಎಂದೂ ಹೇಳಿದರು. ಜೂನ್ ಕೊನೆಯೊಳಗೆ ದುಡ್ಡು ಕಟ್ಟದಿದ್ದರೆ ಸೀಟು ಬೇರೆಯವರಿಗೆ.

ತಿಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ.

"ಸುಮ್ನೆ ಯಾರು ಕೊಡ್ತಾರೆ ಮೇಡಂ? ಕುರಿ ಪಾಲಿಗೆ ಬಿಟ್ಟೋರೂ ಮರಿ ಹಾಕಿದ ಮ್ಯಾಲೆ ಅರ್ಧ ಕೇಳ್ತಾರೆ. ಇವರ ಪಾಲು ಯಾವುದು?"

ಅವನ ಲೋಕದಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ದುಡ್ಡಿದ್ದು ಮೇಯಿಸಲು ಆಗದವರು ಕುರಿ ಕೊಂಡು ಕುರಿಗಾರನ ಮಂದೆಗೆ ಬಿಡುತ್ತಾರೆ. ಹುಟ್ಟಿದ ಮರಿಗಳಲ್ಲಿ ಅರ್ಧ ಅವರದು, ಅರ್ಧ ಸಾಕಿದವನದು. ತಿಪ್ಪಯ್ಯ ಹೊಡೆದುಕೊಂಡು ಹೋಗುವ ಮಂದೆಯಲ್ಲಿ ಹೆಚ್ಚಿನವು ಪರಶುರಾಂಪುರದ ಗೊಬ್ಬರದಂಗಡಿಯ ಜಯದೇವಪ್ಪನವು. ಹಾಗಿರುವಾಗ ಕಂಡರಿಯದ ಯಾರೋ ಮಗಳ ಮೇಲೆ ದುಡ್ಡು ಹಾಕುತ್ತಾರೆ ಎಂದರೆ ಎದೆಯಲ್ಲಿ ಮುಳ್ಳಾಡಿದಂತಾಗದೆ ಇದ್ದೀತೇ? ಮದುವೆ ಮಾಡಿಸುತ್ತಾರೋ, ದೇವರು ಬದಲಿಸುತ್ತಾರೋ, ಆಸ್ಪತ್ರೆಗೆ ಕರೆದೊಯ್ದು ಒಳಗಿನದೇನಾದರೂ ತೆಗೆಯುತ್ತಾರೋ ಎಂದು ಒಂದೊಂದು ದಿನ ಒಂದೊಂದು ಸಂಶಯ ಬಂತು. ಗಂಗಲಕ್ಷ್ಮಿ ಬೇಸತ್ತು, ಬರುವವರು ಬರಲಿ, ಆಮೇಲೆ ಅನುಮಾನ ಪಡು ಎಂದಳು.

ಬಂದವನು ಹನುಮಂತರಾಜು, ಚಳ್ಳಕೆರೆಯವನು. ಅಂಗಳದ ತನಕ ಬೈಕಿನಲ್ಲೇ ಬಂದ. ಟ್ರಸ್ಟಿಗಾಗಿ ಮನೆ ಮನೆ ನೋಡಿ ವರದಿ ಕೊಡುವುದು ಅವನ ಕೆಲಸ. ಫ್ರಿಜ್ಜನ್ನು ಪಕ್ಕದ ಮನೆಗೆ ಸಾಗಿಸಿ ಬಡವರಾಗಿ ಕೂತವರನ್ನೂ, ಹೊಸ ಟ್ರ್ಯಾಕ್ಟರಿನ ಮೇಲೆ ಹುಲ್ಲು ಹೊದಿಸಿದವರನ್ನೂ ಕಂಡವನಾದ್ದರಿಂದ ಅವನೂ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಶೀಟಿನ ಮಾಡು, ಗ್ಯಾಸಿನ ಒಲೆ, ನೀರಿನ ಡ್ರಮ್ಮು ಎಲ್ಲದರ ಫೋಟೊ ತೆಗೆದ. ಗೋಡೆಯ ಫೋಟೊ ಯಾಕೆ ಎಂದು ತಿಪ್ಪಯ್ಯ ಕೇಳಿದ. ರೂಲ್ಸು ಎಂದ ಹನುಮಂತರಾಜು. ಹೊತ್ತು ಮುಳುಗುವ ವೇಳೆಗೆ, ಆವತ್ತಿನ ಮಟ್ಟಿಗೆ ಪಕ್ಕದ ಮನೆಯವರು ಮೇಯಿಸಲು ಒಯ್ದಿದ್ದ ಮಂದೆ ಬಂತು. ಜಾಲಿ ಮುಳ್ಳು ಕಟ್ಟಿದ ರೊಪ್ಪದೊಳಗೆ ಕುರಿಗಳು ನುಗ್ಗುವುದನ್ನು ನೋಡುತ್ತಾ ಅವನು ಎಷ್ಟಿವೆ ಎಂದು ಕೇಳಿದ.

"ಅವೆ ಒಂದಷ್ಟು" ಎಂದ ತಿಪ್ಪಯ್ಯ.

ಮಂದೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳಬಾರದು ಎಂದು ಅವನ ಅಪ್ಪ, ಅಪ್ಪನ ಅಪ್ಪ ನಡೆಸಿಕೊಂಡು ಬಂದಿದ್ದರು. ಹೇಳಿದರೆ ಕಣ್ಣು ತಾಗುತ್ತದೆ, ಮಂದೆ ಕರಗುತ್ತದೆ. ಅವನಿಗೆ ಇನ್ನೊಂದು ಕಾರಣವೂ ಇತ್ತು. ಹಿಂದೊಮ್ಮೆ ಊರಾಚೆಯ ಕಾವಲಿಗೆ, ಎಲ್ಲರ ಕುರಿ ಮೇಯುವ ಹುಲ್ಲುಗಾವಲಿಗೆ, ಯಾರೋ ಬಂದು, ಎಷ್ಟು ಕುರಿ ಮೇಯುತ್ತವೆ ಎಂದು ನಯವಾಗಿ ಕೇಳಿ, ಟೀ ಕುಡಿದು ಹೋಗಿದ್ದರು. ವರ್ಷಗಳ ಮೇಲೆ ಹುಲ್ಲಿದ್ದ ಕಡೆ ಉದ್ದಕ್ಕೆ ಗೋಡೆ ಎದ್ದು ಮೇಯಿಸುವುದು ನಿಂತಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಊರಿನ ಓದಿದವರು ಹೇಳುತ್ತಾರೆ. ತಿಪ್ಪಯ್ಯ ಒಪ್ಪುವುದಿಲ್ಲ.

ಹನುಮಂತರಾಜು ಮತ್ತೆ ಕೇಳಲಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ, ಮನೆಯಲ್ಲಿ ನಿಧಾನವಾಗಿ ಎಣಿಸಿದ.

ಟ್ರಸ್ಟು ಅರ್ಜಿಯನ್ನು ತಳ್ಳಿಹಾಕಿತು. ಹುಡುಗಿಯ ತಂದೆಗೆ ಭಾರಿ ಮಂದೆ ಇದೆ, ಕೇಳಿದರೆ ಮುಚ್ಚಿಟ್ಟ ಎಂಬ ವರದಿ ಹೋಗಿತ್ತು. ಮಾಲತಿಯವರು ಕಳಿಸಿದ ಸಂದೇಶವನ್ನು ದಿವ್ಯಾಳೇ ಮೊದಲು ಓದಿದಳು. ಅಪ್ಪನ ಮುಂದೆ ನಿಂತು, ಯಾಕೆ ಹೇಳಲಿಲ್ಲ ಎಂದು ಕೈಯಲ್ಲಿ ಕೇಳಿದಳು. ಅವನು ಹೇಳಬಾರದು ಎಂದು ಕೈಯಾಡಿಸಿದ. ಅವಳು ಮುಖ ತಿರುಗಿಸಿದಳು. ಅವಳು ಮುಖ ತಿರುಗಿಸಿದರೆ ಮಾತು ಅಲ್ಲಿಗೆ ಮುಗಿಯಿತು, ಹಿಂದಿನಿಂದ ಬೈಯಲೂ ಬರುವುದಿಲ್ಲ, ಬೇಡಿಕೊಳ್ಳಲೂ ಬರುವುದಿಲ್ಲ. ಊಟಕ್ಕೆ ಕೂತಾಗಲೂ ಅವಳು ಗೋಡೆಯ ಕಡೆಗೇ ಕೂತಳು.

ಮರುದಿನ ತಿಪ್ಪಯ್ಯ ಪರಶುರಾಂಪುರಕ್ಕೆ ಹೋದ. ಹೆಚ್ಚಿನವು ಪಾಲಿನ ಕುರಿಗಳೆಂದು ತಿಳಿಸಿ, ಹನುಮಂತರಾಜುವನ್ನು ಇನ್ನೊಂದು ಸಲ ಕಳಿಸುವಂತೆ ಮಾಲತಿಯವರು ಅಷ್ಟರಲ್ಲಿ ಟ್ರಸ್ಟನ್ನು ಒಪ್ಪಿಸಿದ್ದರು. ಆ ದಿನ ರೊಪ್ಪಕ್ಕೆ ಬಂದು, ಇವು ನನ್ನವು ಎಂದು ಒಂದು ಮಾತು ಹೇಳಬೇಕೆಂದು ತಿಪ್ಪಯ್ಯ ಜಯದೇವಪ್ಪನನ್ನು ಕೇಳಿದ. ಜಯದೇವಪ್ಪ ಗೊಬ್ಬರದ ಚೀಲಗಳ ನಡುವೆ ದನಿ ತಗ್ಗಿಸಿದ.

"ಲೇ ತಿಪ್ಪ, ನಮ್ಮ ಅಣ್ತಮ್ಮಂದ್ರು ಭಾಗ ಕೇಳಿ ಕೋರ್ಟಿಗೆ ಹೋಗವ್ರೆ. ನಂಗೆ ಕುರಿ ಅವೆ ಅಂತ ಗೊತ್ತಾದ್ರೆ ಬಾಲಕ್ಕೊಬ್ಬರು ಹಿಡ್ಕೊಂತಾರೆ. ನಾನು ಬರಲ್ಲ ಹೋಗು."

ತಿಪ್ಪಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡ.

"ಆಗ್ಲಿ ಬಿಡ್ರಿ ಸಾವ್ಕಾರ್ರೆ. ಎಲ್ಲಾ ನನ್ನವೇ ಅಂತ ಅವರು ಬರ್ಕೊಂಡವ್ರೆ, ನಾನೂ ಹೂಂ ಅಂತೀನಿ. ಕುರಿ ಕಿವಿಗೆ ಇನ್ಸೂರೆನ್ಸ್ ಓಲೆ ಹಾಕಾಕೆ ದನದ ಡಾಕ್ಟ್ರು ಬರ್ತಾರಂತೆ. ಅದನ್ನೂ ನನ್ನ ಹೆಸರಿಗೇ ಹಾಕಿಸ್ತೀನಿ."

ಅವನು ಬಸ್ಸಿನಲ್ಲಿ ಊರು ಸೇರುವ ಹೊತ್ತಿಗೆ ಜಯದೇವಪ್ಪನ ಬೈಕು ರೊಪ್ಪದ ಬಳಿ ನಿಂತಿತ್ತು. ಸಾಹುಕಾರ ಮುಳ್ಳಿನ ಬೇಲಿಯ ಮೇಲಿಂದ ಬಗ್ಗಿ ತನ್ನ ಕುರಿಗಳನ್ನು ನೋಡುತ್ತಿದ್ದ. ತಾನು ಸಾಕ್ಷಿಗೆ ಬರುವ ವಿಷಯ ಊರು ದಾಟಬಾರದು ಎಂಬುದೊಂದೇ ಅವನ ಕರಾರು.

ಹನುಮಂತರಾಜು ಬಂದ ದಿನ ಮಂದೆಯನ್ನು ಹೊರಗೆ ಬಿಡಲಿಲ್ಲ. ರೊಪ್ಪದ ಬಾಯನ್ನು ಒಂದು ಕುರಿ ತೂರುವಷ್ಟು ಕಿರಿದು ಮಾಡಿದರು. ಎಡಗಿವಿಯ ತುದಿ ಕತ್ತರಿಸಿದವು ಜಯದೇವಪ್ಪನವು, ಅವು ಬೇವಿನ ಮರದ ಕಡೆಗೆ. ಉಳಿದವು ತಿಪ್ಪಯ್ಯನವು, ಮನೆಯ ಕಡೆಗೆ. ತನ್ನದೊಂದು ಆ ಕಡೆ ಹೋದೀತೆಂದು ಜಯದೇವಪ್ಪ ಪ್ರತಿ ಕಿವಿಯನ್ನೂ ಮುಟ್ಟಿ ನೋಡಿದ. ಜಯದೇವಪ್ಪ ಯಾರೋ ಬಾಡಿಗೆ ಸಾಕ್ಷಿಯಿರಬಹುದೇ ಎಂದು ಹನುಮಂತರಾಜು ಅವನ ಆಧಾರ್ ಕಾರ್ಡು ಕೇಳಿದ. ಕೊನೆಗೆ ಮನೆಯ ಕಡೆ ನಿಂತದ್ದು ಸಣ್ಣ ಗುಂಪು.

ಇವು ಎಷ್ಟು, ನೀವೇ ಹೇಳಬೇಕು, ರೆಕಾರ್ಡು ಮಾಡಿಕೊಳ್ಳಬೇಕು ಎಂದ ಹನುಮಂತರಾಜು. ಲೆಕ್ಕ ಕಿವಿಗೆ ಬೀಳಬಾರದೆಂದು ಗಂಗಲಕ್ಷ್ಮಿ ಸೆರಗು ಹೊದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಿಪ್ಪಯ್ಯನಿಗೆ ಲೆಕ್ಕ ನಾಲಿಗೆಯ ತನಕ ಬಂದು ಅಲ್ಲೇ ನಿಂತಿತು.

ದಿವ್ಯಾ ಅಪ್ಪನನ್ನು ಪಕ್ಕಕ್ಕೆ ಸರಿಸಿ ಮೊಬೈಲಿನ ಮುಂದೆ ನಿಂತಳು. ಎರಡೂ ಕೈ ಎತ್ತಿ ಹತ್ತುಗಳನ್ನು ತೋರಿಸಿದಳು, ಆಮೇಲೆ ಬಿಡಿ ಬೆರಳುಗಳನ್ನು. ಹನುಮಂತರಾಜು ತಾನು ಎಣಿಸಿದ್ದಕ್ಕೆ ಹೋಲಿಸಿ ತಲೆಯಾಡಿಸಿದ. ಯಾರ ಬಾಯಿಂದಲೂ ಲೆಕ್ಕ ಹೊರಬಂದಿರಲಿಲ್ಲ. ತಿಪ್ಪಯ್ಯ ಉಸಿರು ಬಿಟ್ಟ. ಆದರೆ ಸಹಿ ಹಾಕಲು ಪೆನ್ನು ಕೊಟ್ಟಾಗ ತೆಗೆದುಕೊಳ್ಳಲಿಲ್ಲ.

"ಈಗ ನಿಮ್ದು ಹೇಳ್ರಿ."

"ನಮ್ದೇನು?"

"ಹಿಂಗೆ ಎಷ್ಟು ಹುಡ್ಗೀರನ್ನ ಕಳ್ಸೀರಿ? ಎಷ್ಟು ಜನ ವಾಪಸ್ ಮನೆಗೆ ಬಂದವ್ರೆ?"

ಹನುಮಂತರಾಜು ಮೊಬೈಲು ತೆಗೆದು ಮೊಳಕಾಲ್ಮುರಿನ ಒಬ್ಬ ಹುಡುಗಿಗೆ ವಿಡಿಯೊ ಕರೆ ಮಾಡಿದ. ಅವಳೂ ಕಿವುಡಿ, ಅದೇ ಕಾಲೇಜಿನವಳು, ರಜಕ್ಕೆ ಮನೆಗೆ ಬಂದಿದ್ದಳು. ಅವಳ ಬೆನ್ನ ಹಿಂದೆ ಸೀರೆಯ ಮಗ್ಗ ಕಾಣುತ್ತಿತ್ತು. ಇಬ್ಬರೂ ಹುಡುಗಿಯರು ಕೈಮಾತಿಗೆ ಇಳಿದರು. ಸಂತೆಯಲ್ಲಿ ದಲ್ಲಾಳಿಯ ಟವೆಲಿನಡಿ ಬೆರಳು ಹಿಡಿದೇ ಟಗರಿನ ವ್ಯಾಪಾರ ಮುಗಿಸುತ್ತಿದ್ದ ತಿಪ್ಪಯ್ಯನಿಗೆ ಆ ವೇಗದಲ್ಲಿ ಒಂದು ಬೆರಳೂ ತಿಳಿಯಲಿಲ್ಲ. ಏನಂತೆ ಎಂದು ಮಗಳ ಭುಜ ತಟ್ಟಿದ. ಅವಳು ತಾಳು ಎಂದು ಅಂಗೈ ತೋರಿಸಿದಳು. ಮತ್ತೆ ತಟ್ಟಿದ. ಮತ್ತೆ ಅಂಗೈ.

ಕರೆ ಮುಗಿದ ಮೇಲೆ ದಿವ್ಯಾ ಅಪ್ಪನಿಗೆ ತಿಳಿಯುವಂತೆ ಬಿಡಿಸಿ ಹೇಳಿದಳು. ಮುದ್ದೆ ಕೊಡುವುದಿಲ್ಲ, ಬರೀ ಅನ್ನ, ಸಾರು ನೀರು. ವಾರ್ಡನ್ ಸಿಡುಕಿ, ಕತ್ತಲಾದರೆ ಫೋನು ಕಸಿದುಕೊಳ್ಳುತ್ತಾಳೆ. ಒಬ್ಬ ಮೇಷ್ಟ್ರಿಗೆ ಸನ್ನೆಯೇ ಸರಿಯಾಗಿ ಬರುವುದಿಲ್ಲ, ಹುಡುಗಿಯರೇ ತಿದ್ದುತ್ತಾರೆ.

ತಿಪ್ಪಯ್ಯ ಪೆನ್ನಿಗೆ ಕೈ ಚಾಚಿದ.

"ಬರೀ ಒಳ್ಳೇದೇ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ" ಎಂದ.

ಟ್ರಸ್ಟು ಒಪ್ಪಿತು. ದುಡ್ಡು ನೇರ ಕಾಲೇಜಿಗೆ ಹೋಯಿತು. ಅದು ನಿಜವೇ ಎಂದು ಅವನು ಮಾಲತಿಯವರನ್ನು ಕೇಳಿದ, ಆಮೇಲೆ ಮೈಸೂರಿಗೇ ಹೋಗಿ ಕಾಲೇಜಿನ ಗುಮಾಸ್ತರನ್ನೂ ಕೇಳಿದ. ಹಾಸ್ಟೆಲಿನಲ್ಲಿ ಮಗಳ ಮಂಚ ಅಲ್ಲಾಡಿಸಿ ನೋಡಿದ, ಕಿಟಕಿಯ ಸರಳು ಎಳೆದು ನೋಡಿದ. ಬಚ್ಚಲಿನ ಚಿಲಕ ಸಡಿಲವಾಗಿತ್ತು. ನಾಳೆ ಸರಿ ಮಾಡಿಸುತ್ತೇವೆ ಎಂದರು ವಾರ್ಡನ್. ದಿವ್ಯಾ ನಾಚಿಕೆಯಿಂದ, ಇನ್ನು ಹೊರಡು ಎಂದು ಕೈಯಾಡಿಸಿದಳು. ತಿಪ್ಪಯ್ಯ ವರಾಂಡದ ಮೆಟ್ಟಿಲ ಮೇಲೆ ಕೂತ. ಊರಿನ ಬಸ್ಸು ಹೊರಟು ಹೋಯಿತು. ಕೊನೆಗೆ ಆವತ್ತೇ ಬಡಗಿ ಬಂದು ಹೊಸ ಮೊಳೆ ಹೊಡೆದ ಮೇಲೆ ಎದ್ದು ಹೋಗಿ, ಮಗಳನ್ನು ಒಳಗೆ ಕಳಿಸಿ ಚಿಲಕ ಹಾಕಿಸಿದ. ಹೊರಗಿನಿಂದ ಬಾಗಿಲನ್ನು ಒಂದು ಸಲ ಜಗ್ಗಿದ, ಇನ್ನೊಂದು ಸಲ ಜಗ್ಗಿದ. ಬಾಗಿಲು ಜಗ್ಗಲಿಲ್ಲ.